ಸರ ಅವನ ಜೇಬಿಗೆ ಹೋದ ಬಗೆ

ನಾನು ನಿವೃತ್ತ ಟೆಲಿಫೋನ್ ಆಪರೇಟರ್, ವಯಸ್ಸು ಎಪ್ಪತ್ತೆರಡು. ಹಳೇ ಅಂಚೆ ಕಚೇರಿಯ ಹಿಂದಿನ ರಸ್ತೆಯಲ್ಲಿ, ಎರಡನೇ ಮಹಡಿಯ ಮನೆಯಲ್ಲಿ ಮಗ ಸೊಸೆಯೊಂದಿಗೆ ವಾಸ. ಸದ್ಯ ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿದ್ದೇನೆ. ಇಂದು ಮಧ್ಯಾಹ್ನ ನನ್ನ ಮಗ ಕೊಟ್ಟ ದೂರಿನಲ್ಲಿ "ಪ್ರಜ್ಞೆ ತಪ್ಪಿಸಿ ಒಡವೆ ದೋಚಲಾದ ವೃದ್ಧೆ" ಎಂದು ಬರೆದಿರುವುದು ನನ್ನನ್ನೇ. ವೃದ್ಧೆ ಎಂಬುದು ಸರಿ. ಉಳಿದದ್ದು ಸರಿಯಲ್ಲ. ಆದ್ದರಿಂದ ಇನ್‌ಸ್ಪೆಕ್ಟರ್ ಸಾಹೇಬರೇ, ನಡೆದದ್ದನ್ನು ನಡೆದ ಹಾಗೆ ಈ ಮೂಲಕ ತಮಗೆ ಹೇಳುತ್ತಿದ್ದೇನೆ.

ನೌಕರಿಯುದ್ದಕ್ಕೂ ನಾನು ಊರೂರಿಗೆ ಕರೆ ಜೋಡಿಸಿದವಳು, ಯಾವ ಊರನ್ನೂ ನೋಡಿದವಳಲ್ಲ. ಇದು ತಿಳಿದೇ ಮಗ ಸೊಸೆ ರಜೆ ಹಾಕಿ ನನ್ನನ್ನು ಪ್ರವಾಸಕ್ಕೆ ಕರೆತಂದರು. ನಿನ್ನೆ ಅರಮನೆಯ ತೋಟ ನೋಡಿದೆವು. ಇಂದು ಬೆಳಿಗ್ಗೆ ವಸ್ತುಸಂಗ್ರಹಾಲಯದಲ್ಲಿ ರಾಣಿಯ ಹಲ್ಲು ಮುರಿದ ಬಾಚಣಿಗೆ ನೋಡಿ, ಅವಳಿಗೂ ಸಿಕ್ಕುಗೂದಲಿತ್ತೆಂದು ತಿಳಿದು ಸಮಾಧಾನವಾಯಿತು. ಸುಮಾರು ಹನ್ನೊಂದು ಗಂಟೆಗೆ ಕೋಟೆಗೆ ಬಂದೆವು.

ಬುರುಜು ಹತ್ತಲು ಮಂಡಿ ಒಪ್ಪಲಿಲ್ಲ. ಮಗ ಸೊಸೆ ಇಬ್ಬರನ್ನೂ ಮೇಲೆ ಕಳಿಸಿ ನಾನು ಕೆಳಗಿನ ಕಮಾನಿನ ನೆರಳಲ್ಲಿ ಕುಳಿತೆ. ಅಲ್ಲಿ ಪ್ರವಾಸಿಗರ ಫೋಟೊ ತೆಗೆಯುವವನೊಬ್ಬ ಬಂದು, ಅಜ್ಜಿ ಒಂದು ಫೋಟೊ ತೆಗೆಯಲೇ ಎಂದು ಕೇಳಿದ. ಬೇಡವೆಂದೆ. ಅವನು ಹೋಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ; ಅಲ್ಲೇ ಕುಳಿತು ಕ್ಯಾಮೆರಾ ಒರೆಸತೊಡಗಿದ.

ಕಮಾನಿನ ಮೇಲೆ ಹೆಜ್ಜೇನಿನ ಗೂಡಿತ್ತು. ಅದಕ್ಕೆ ಯಾರೋ ಕಲ್ಲು ಹೊಡೆದರೆಂದು ಜನ ಹೇಳುತ್ತಾರೆ. ನಾನು ನೋಡಿಲ್ಲ, ನೋಡದ್ದನ್ನು ಹೇಳುವುದಿಲ್ಲ. ಮೋಡ ಕವಿದಂತೆ ಕತ್ತಲಾದದ್ದು ಗೊತ್ತು. ಜನ ದಿಕ್ಕಾಪಾಲಾಗಿ ಓಡಿದರು. ನನಗೆ ಏಳಲೂ ಆಗಲಿಲ್ಲ. ಓಡುತ್ತಿದ್ದ ಫೋಟೊದವನು ತಿರುಗಿ ನೋಡಿದ, ವಾಪಸು ಬಂದ. ಈ ಮಾತನ್ನು ಸ್ಪಷ್ಟವಾಗಿ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಅವನು ತಪ್ಪಿಸಿಕೊಂಡಾಗಿತ್ತು, ವಾಪಸು ಬಂದ.

ತನ್ನ ಜಾಕೆಟ್ ಬಿಚ್ಚಿ ನನ್ನ ತಲೆ ಮೇಲೆ ಹಾಕಿದ. "ಬಾಯಿ ಮುಚ್ಕೊಳ್ಳಿ ಅಮ್ಮಾ, ಕೂಗ್ಬೇಡಿ" ಎಂದು ಹೇಳಿ ನನ್ನನ್ನು ಎದೆಗವುಚಿಕೊಂಡು, ಹಿಂದೆ ಸಿಡಿಮದ್ದು ಇಡುತ್ತಿದ್ದ ಮದ್ದಿನ ಮನೆಯೊಳಗೆ ಓಡಿದ. ಬಾಗಿಲು ಹಾಕುವವರೆಗೂ ಅವನ ಬೆನ್ನು ಬರಿ ಅಂಗಿಯಲ್ಲಿತ್ತು. ಹುಳು ಕಚ್ಚಿದಾಗೆಲ್ಲ ಅವನ ಮೈ ಅದುರುವುದು ನನಗೆ ತಿಳಿಯುತ್ತಿತ್ತು.

ಒಳಗೆ ನನ್ನ ಕೈ, ಕುತ್ತಿಗೆ ಊದತೊಡಗಿದವು. ಉಂಗುರದ ಬೆರಳು ಕಪ್ಪಿಡುತ್ತಿದೆ, ಎಲ್ಲ ತೆಗೆಯಬೇಕು ಎಂದು ಅವನು ಹೇಳಿದ. ತೆಗಿ ಎಂದೆ. ನನ್ನ ಚೀಲದಲ್ಲಿದ್ದ ತಲೆಗೆಣ್ಣೆ ಸವರಿ ಉಂಗುರ, ಬಳೆ, ಸರ ಬಿಡಿಸಿದ. ಚೀಲಕ್ಕೆ ಹಾಕಲು ಹೋದಾಗ ತಡೆದವಳು ನಾನೇ. "ಅದರ ಜಿಪ್ಪು ಕಿತ್ತೋಗಿದೆ ಕಣಪ್ಪ, ನಿನ್ ಜೇಬಲ್ಲೇ ಇಟ್ಕೊ" ಎಂದೆ. ಆಮೇಲೆ ಉಸಿರು ಕಟ್ಟಿತು. ಮುಂದಿನದು ನನಗೆ ನೆನಪಿಲ್ಲ.

ಸೊಸೆ ತಿಳಿಸಿದ ಪ್ರಕಾರ, ಅವನು ನನ್ನನ್ನು ಹೊತ್ತು ಹೆಬ್ಬಾಗಿಲಿಗೆ ಬಂದಾಗ ನನ್ನ ಕತ್ತು ಬೋಳು, ಕೈ ಬೋಳು. ಅವನ ಜೇಬಿನಿಂದ ಸರ ಇಣುಕುತ್ತಿತ್ತು. ಜನ ಮೈಮೇಲೆ ಬಿದ್ದು ಹೊಡೆದರು. ಅವರಲ್ಲಿ ನನ್ನ ಮಗನೂ ಇದ್ದ. ಆಗ ಆ ಫೋಟೊದವನು, "ಮೊದ್ಲು ಇವ್ರನ್ನ ಆಸ್ಪತ್ರೆಗೆ ಸೇರ್ಸಿ, ಆಮೇಲೆ ಎಷ್ಟ್ ಬೇಕಾದ್ರೂ ಹೊಡೀರಿ" ಎಂದನಂತೆ. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ.

ಸಂಜೆ ಕಣ್ಣು ಬಿಟ್ಟು, ಆ ಹುಡುಗ ಎಲ್ಲಿ ಎಂದು ಕೇಳಿದೆ. ಠಾಣೆಯಲ್ಲಿ ಎಂದರು. ಆಗಲೇ ತಮಗೆ ಹೇಳಿಕಳಿಸಿದೆ. ಮಗನನ್ನು ನಾನು ಬಯ್ದಿಲ್ಲ. ಹೆತ್ತವಳನ್ನು ಆ ಸ್ಥಿತಿಯಲ್ಲಿ ಕಂಡವನಿಗೆ ಮುಂದಿನದು ಕಾಣುವುದಿಲ್ಲ.

ಇಷ್ಟು ಬರೆಸುವ ಹೊತ್ತಿಗೆ, ತಾವು ಹೇಳಿದ ಮೇರೆಗೆ, ಆ ಹುಡುಗನನ್ನು ಚಿಕಿತ್ಸೆಗೆಂದು ಇಲ್ಲಿಗೆ ಕರೆತಂದಿದ್ದಾರೆ. ಮುಖ ಊದಿ ಒಂದು ಕಣ್ಣು ಮುಚ್ಚಿದೆ. ಅಂಗಿ ಹರಿದಿದೆ. ಹಣೆಯ ಗಾಯ ಜೇನುಹುಳುವಿನದಲ್ಲ. ಮಗ ಎದ್ದು ತನ್ನ ಕುರ್ಚಿ ಕೊಟ್ಟ. ಅವನ ಎರಡೂ ಕೈ ಹಿಡಿದು ನಿಂತ. ಅದಕ್ಕೆ ಅವನು, "ಬಿಡಿ ಸಾರ್, ನಮ್ಮಮ್ಮಂಗೆ ಹಿಂಗಾಗಿದ್ರೆ ನಾನೂ ಹೊಡೀತಿದ್ದೆ" ಎಂದ.

ಅವನ ಮೇಲೆ ನಮ್ಮ ಯಾವ ದೂರೂ ಇಲ್ಲ. ಇರುವುದು ಋಣ ಮಾತ್ರ. ಅದನ್ನು ಬರೆದುಕೊಳ್ಳಲು ಠಾಣೆಯಲ್ಲಿ ಕಲಂ ಇಲ್ಲವೆಂದು ತಾವು ಹೇಳಿದಿರಿ. ಆದರೂ ಬರೆಯಿರಿ.

ಇದನ್ನು ನನಗೆ ಓದಿ ಹೇಳಿದ್ದಾರೆ. ಒಂದು ಮಾತೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಬೆರಳು ಊದಿರುವುದರಿಂದ ಸಹಿ ಸೊಟ್ಟಗಿದೆ, ಹೇಳಿಕೆ ನೆಟ್ಟಗಿದೆ.

ಸ್ಥಳ: ಸರ್ಕಾರಿ ಆಸ್ಪತ್ರೆ, ಹೆಂಗಸರ ವಾರ್ಡ್
ದಿನಾಂಕ: ಇದೇ ತಿಂಗಳ ಹದಿನಾಲ್ಕು, ಭಾನುವಾರ ಸಂಜೆ
(ಸಹಿ) ಹೇಳಿಕೆ ಕೊಟ್ಟವಳು