ಮೂವರು ಅತ್ತ, ಇಬ್ಬರು ಇತ್ತ

ಅಧ್ಯಕ್ಷತೆ ವಹಿಸಿರುವ ಹಿರಿಯರೇ, ವೇದಿಕೆಯ ಮೇಲಿರುವ ಗಣ್ಯರೇ, ಹೊಲದ ಕೆಲಸ ಬಿಟ್ಟು ಯಲಹಂಕದವರೆಗೆ ಬಂದಿರುವ ಸಭಿಕರೇ,

ನೀವು ಹೊದಿಸಿದ ಶಾಲು ಇರುವುದು ನನ್ನ ತಂಗಿ ಗಂಗರತ್ನಮ್ಮನ ಹೆಗಲ ಮೇಲೆ, ಬೆಚ್ಚಗಾಗಿರುವುದು ನನಗೆ. ಈ ಸನ್ಮಾನ ತಂದುಕೊಟ್ಟ ಅವಳ ಪುಸ್ತಕ ಯಾವುದರ ಬಗ್ಗೆ? ಸರ್ವೋಚ್ಚ ನ್ಯಾಯಾಲಯ ಒಂದು ವರ್ಷದಲ್ಲಿ ಕೊಟ್ಟ ತೀರ್ಪುಗಳಲ್ಲಿ ಯಾವ ನ್ಯಾಯಾಧೀಶರು ಯಾರೊಡನೆ ಒಪ್ಪಿದರು, ಯಾರು ಭಿನ್ನಮತ ಬರೆದರು ಎಂಬ ಸಂಖ್ಯಾಶಾಸ್ತ್ರದ ಅಧ್ಯಯನ. ಅಲ್ಲಾಳಸಂದ್ರದ ರೈತನ ಮಗಳಿಗೆ ಈ ಉಸಾಬರಿ ಏಕೆ ಬಂತು? ಹೇಳುತ್ತೇನೆ.

ಕೆರೆ ಪಕ್ಕದ ನಮ್ಮ ಜಮೀನನ್ನು ಸರ್ಕಾರ ವಶಪಡಿಸಿಕೊಂಡಾಗ ವಕೀಲನಾದ ನಾನು ದೆಹಲಿಯವರೆಗೂ ಹೋದೆ. ಐವರು ನ್ಯಾಯಾಧೀಶರ ಮುಂದೆ ನಾನೇ ವಾದಿಸಿದೆ. ಸಾವಿರದ ಒಂಬೈನೂರ ಅರವತ್ತರಲ್ಲಿ ತೀರ್ಪು ಬಂತು. ಮೂವರು ಅತ್ತ, ಇಬ್ಬರು ಇತ್ತ. ಸೋತೆವು.

ನಮ್ಮ ತಂದೆ ಪಿಳ್ಳಪ್ಪನವರ ಕಿವಿಗೆ ಬಿದ್ದದ್ದು ಸೋಲು ಎಂಬ ಮಾತೊಂದೇ. ಮಗ ಸರಿಯಾಗಿ ವಾದಿಸಲಿಲ್ಲ ಎಂದುಕೊಂಡು ನನ್ನೊಡನೆ ಮಾತು ಬಿಟ್ಟರು. ಒಂದೇ ಮನೆ; ನನಗೆ ಹೇಳಬೇಕಾದದ್ದನ್ನು ತಾಯಿ ಸೊಣ್ಣಮ್ಮನಿಂದ ಹೇಳಿಸುತ್ತಿದ್ದರು. ನನಗೇನೂ ಬೇಸರವಿರಲಿಲ್ಲ. ವಕೀಲನಿಗೆ ಮನಸ್ಸು ಗಟ್ಟಿ ಇರಬೇಕು. ಊಟ ಮಾತ್ರ ಯಶವಂತಪುರದ ಹೋಟೆಲಿನಲ್ಲಿ ಮುಗಿಸಿ ಬರುತ್ತಿದ್ದೆ.

ಆಗ ಕಾಲೇಜಿನಲ್ಲಿದ್ದ ತಂಗಿ ನನ್ನ ಆಫೀಸಿನಿಂದ ಆ ವರ್ಷದ ತೀರ್ಪುಗಳ ಸಂಪುಟಗಳನ್ನು ಹೊತ್ತುಕೊಂಡು ಹೋದಳು. ನ್ಯಾಯಾಧೀಶರ ಮತವನ್ನು ಚುನಾವಣೆಯ ಮತದಂತೆ ಎಣಿಸುವುದುಂಟೇ ಎಂದು ಕೋರ್ಟಿನ ಗೆಳೆಯರು ನಕ್ಕರು. ಅವಳು ಎಣಿಸಿದಳು.

ಒಂದು ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ತಂದೆಯವರ ಎದುರು ಕೂತು ಹೇಳಿದಳು: "ಅಪ್ಪಾ, ಆ ವರ್ಷ ಹೆಚ್ಚಿನ ಕೇಸಲ್ಲಿ ನ್ಯಾಯಾಧೀಶರೆಲ್ಲ ಒಂದೇ ಮಾತು. ನಮ್ ಪರ ಬರೆದ ಇಬ್ಬರಂತೂ ಬೇರೆ ಯಾವ ಕೇಸಲ್ಲೂ ಮಿಕ್ಕೋರನ್ನ ಬಿಟ್ಟು ಹೋದೋರಲ್ಲ. ಅಣ್ಣ ನಿಂತ ಕೇಸಲ್ಲಿ ಮಾತ್ರ ಹೋದ್ರು."

ಎಲ್ಲಾ ತೀರ್ಪು ನೋಡಿದ್ದೀಯಾ ಎಂದು ಅವರು ಕೇಳಿದರು. ಎಲ್ಲಾ ಎಂದಳು. ಅವರು ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

"ಇನ್ನೊಬ್ರು ಒಪ್ಪಿದ್ರೆ ಸಾಕಾಗಿತ್ತಲ್ಲೋ ಬೈರ."

ಎರಡು ವರ್ಷದ ನಂತರದ ಮೊದಲ ಮಾತು. ಐವರು ನ್ಯಾಯಾಧೀಶರಿಗೆ ಉತ್ತರ ಕೊಟ್ಟಿದ್ದ ನಾನು ಅಂದು, ಹೌದಪ್ಪಾ, ಇನ್ನೊಬ್ಬರು ಎಂದಷ್ಟೇ ಹೇಳಿದೆ.

"ಅಂಗಾರೆ ಇಬ್ರನ್ನ ಒಪ್ಸಿದ್ದೀಯ," ಎಂದರು. "ಬಾ, ಕೂತ್ಕೋ. ಉಣ್ಣಾನ."

ಜಮೀನು ಹಿಂದಿರುಗಲಿಲ್ಲ. ಅಂದಿನ ಆ ಎಣಿಕೆಯೇ ಬೆಳೆದು ಇಂದು ಪುಸ್ತಕವಾಗಿದೆ, ದೆಹಲಿಯ ವಕೀಲರೂ ತರಿಸಿ ಓದುತ್ತಿದ್ದಾರೆ. ನ್ಯಾಯಾಧೀಶರು ಹೇಗೆ ಮತ ಕೊಟ್ಟರೆಂದು ಎಣಿಕೆ ಹೇಳಬಲ್ಲದು, ಏಕೆ ಕೊಟ್ಟರೆಂದು ಹೇಳಲಾರದು ಎಂದು ಅವಳೇ ಅದರಲ್ಲಿ ಬರೆದಿದ್ದಾಳೆ. ನಮ್ಮ ತಂದೆಯವರು ಆ ಪುಟದವರೆಗೆ ಹೋಗಬೇಕಾಗಿಲ್ಲ.

ಮುಂದಿನ ಸಾಲಿನಿಂದ ಅವರು ಸಾಕು ಎಂದು ನನಗೆ ಕೈ ತೋರಿಸುತ್ತಿದ್ದಾರೆ. ಅವರು ನನಗೇ ನೇರವಾಗಿ ಹೇಳಿದ್ದನ್ನು ನಾನು ಮೀರುವವನಲ್ಲ. ನನ್ನ ತಂಗಿಯನ್ನು ಊರಿನ ಮಗಳೆಂದು ಕರೆದು ಕೂರಿಸಿದ ನಿಮಗೆಲ್ಲ ನಮ್ಮ ಮನೆಯ ನಾಲ್ವರ ಕೃತಜ್ಞತೆಗಳು. ನಮಸ್ಕಾರ.