ಹಾಲಿನ ಗೆರೆ

ಪಂಚಮಿ ಮುಗಿದಿತ್ತು. ಸವಣೂರು ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಅಕ್ಕ-ತಮ್ಮ ಕುಳಿತಿದ್ದರು. ಅಕ್ಕನ ಮಡಿಲಲ್ಲಿ ತವರಿನ ಉಂಡಿಯ ಡಬ್ಬಿ. ತಮ್ಮನ ಮೊಬೈಲಿನಲ್ಲಿ ಒಂದು ಗೆರೆ ತಾನಾಗಿಯೇ ಮುಂದೆ ಹರಿಯುತ್ತಿತ್ತು.

“ಏನೋ ರುದ್ರೇಶ ಇದು?”

“ನಮ್ಮ ಎಮ್ಮಿ ಹಾಲಕ್ಕಾ. ಡೇರಿಯೊಳಗ ದಿನಾ ಅಳದದ್ದನ್ನ ನಾ ಬರದ ಕಂಪ್ಯೂಟರ್ ಕೋಡಿಗೆ ಹಾಕೇನಿ. ಒಂದೊಂದ ದಿನ ಸೇರಿಸ್ಕೋತ ಅದ ಗೆರಿ ಎಳೀತೈತಿ.”

“ಇಲ್ಲ್ಯಾಕ ಒಮ್ಮೆಲೆ ಬಿತ್ತು?”

“ನೀ ಗಂಡನ ಮನಿಗೆ ಹ್ವಾದಿ. ಅವ್ವ ಹಿಂಡಾಕ ಕುಂತ್ರ ಪೂರಾ ಹಾಲ ಕೊಡಲಿಲ್ಲ ಅದು.”

“ಈ ಕಡೀಕ ಮತ್ತ ಏರೇತಲ್ಲ?”

“ಹಬ್ಬಕ್ಕ ಬಂದು ನೀನ ಹಿಂಡಿದ್ಯಲ್ಲ.”

ಆಕೆ ಡಬ್ಬಿ ಪಕ್ಕಕ್ಕಿಟ್ಟು ಮೊಬೈಲಿನತ್ತ ಸರಿದಳು.

“ಇನ್ನೊಮ್ಮೆ ಹಚ್ಚು. ಸಾವಕಾಶ ಓಡಸು.”

ಅವನು ಕೋಡಿನಲ್ಲಿ ಏನೋ ತಿದ್ದಿ, ನಿಧಾನವಾಗಿ ಓಡಿಸಿದ.

“ನಾ ಹ್ವಾದ ಮ್ಯಾಲ ಅವ್ವನ ಜೀವಕ್ಕೂ ಹಿಂಗ ಆಗಿತ್ತೇನೊ?”

“ಅದನ್ನ ಯಾರು ಬರದಿಟ್ಕೋತಾರಕ್ಕಾ?”

ರಟ್ಟೀಹಳ್ಳಿ ಬಸ್ಸು ಬಂತು. ಅವನು ಅವಳ ಚೀಲ ಹತ್ತಿಸಿ ಕೆಳಗಿಳಿದ. ಬಸ್ಸು ಹೊರಡುವಾಗ ಆಕೆ ಕಿಟಕಿಯಿಂದ ಬಗ್ಗಿ ಕೂಗಿದಳು:

“ನಾಳಿಂದ ಬೀಳೂ ಗೆರಿ ನನಗ ಕಳಸಬ್ಯಾಡೊ!”