ಪುಟ್ಟಿಯ ಗೊಂಬೆ ಹಿಟ್ಟು

ಬಸ್‌ಸ್ಟಾಪಿನಲ್ಲಿ ನನ್ನ ಮುಂದೆ ಇಬ್ಬರು ಅಕ್ಕತಂಗಿಯರು ನಿಂತಿದ್ದರು. ಇಬ್ಬರೂ ನರ್ಸುಗಳು, ರಾತ್ರಿ ಪಾಳಿ ಮುಗಿಸಿ ಬಂದವರು. ಅಕ್ಕ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಫೋನು ಕಿವಿಗಿಡುವುದು, ತೆಗೆಯುವುದು, ಮತ್ತೆ ಇಡುವುದು.

"ಎತ್ತುತ್ತಾನೇ ಇಲ್ಲ ಕಣೆ."

"ಭಾವ ಫ್ಯಾಕ್ಟರಿಲಿ ಮೆಷಿನ್ ಹತ್ರ ಇರ್ತಾರೆ. ಆಗಿದ್ದೇನು ಹೇಳು."

"ಪುಟ್ಟಿ ಜೊತೆ ಗೊಂಬೆ ಮಾಡೋಕೆ ಅಂತ ಫ್ರಿಜ್ಜಲ್ಲಿ ಹಿಟ್ಟು ಕಲಸಿಟ್ಟಿದ್ದೆ. ಅರ್ಧಕ್ಕರ್ಧ ಉಪ್ಪು. ಇವರು ಬೆಳಿಗ್ಗೆ ಅದನ್ನೇ ಲಟ್ಟಿಸಿ ರೊಟ್ಟಿ ಮಾಡ್ಕೊಂಡು ತಿಂದು, ಉಳಿದಿದ್ದನ್ನ ಡಬ್ಬಿಗೂ ಹಾಕ್ಕೊಂಡು ಹೋದ್ರಂತೆ. ಹಿಟ್ಟು ಕಾಣ್ದೆ ಪುಟ್ಟಿ ಅಳ್ತಿದಾಳೆ ಅಂತ ಅತ್ತೆ ಫೋನ್ ಮಾಡಿದ್ರು."

"ಭಾವಂಗೆ ಬಿಪಿ ಬೇರೆ ಇದೆ."

"ಅದಕ್ಕೇ ತಳಮಳ."

"ಒಂದು ತುತ್ತಿಗೇ ಗೊತ್ತಾಗಿರುತ್ತೆ ಬಿಡು. ಆ ಉಪ್ಪನ್ನ ಯಾರು ತಿಂತಾರೆ?"

"ಇವರು ತಿಂತಾರೆ. ಹೋದ ವಾರ ಉಪ್ಪು ಜಾಸ್ತಿ ಅಂದಿದ್ದಕ್ಕೆ ರೇಗಾಡಿದ್ದೆ. ಇನ್ನೊಂದು ಸಲ ನನ್ನ ಅಡುಗೆಗೆ ಹೆಸರಿಟ್ರೆ ಒಲೆ ಹಚ್ಚೋದೇ ಇಲ್ಲ ಅಂದಿದ್ದೆ."

ಅಷ್ಟರಲ್ಲಿ ಫೋನು ಸಿಕ್ಕಿತು.

"ರೀ, ಬೆಳಿಗ್ಗೆ ತಿಂದ್ರಲ್ಲ ರೊಟ್ಟಿ, ಹೇಗಿತ್ತು?"

ಅವಳು ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಡಬ್ಬಿ ಮುಟ್ಟಬೇಡಿ. ನಾನೇ ಊಟ ತರ್ತೀನಿ."

"ಏನಂದ್ರು ಭಾವ?"

"ಉಪ್ಪು ಹದವಾಗಿತ್ತಂತೆ."

ಬಸ್ಸು ಬಂತು. ತಂಗಿ ಹತ್ತಿದಳು. ಅಕ್ಕ ಹತ್ತಲಿಲ್ಲ, ರಸ್ತೆ ದಾಟಿ ಎದುರಿನ ಹೋಟೆಲಿನ ಕಡೆ ಬಿರಬಿರನೆ ನಡೆದಳು.